ಹಪ್ಪಳದ ಡಬ್ಬಿಯೂ ನನ್ನ ಲೆನ್ಸೂ

ಕಳೆದ ವರ್ಷ ಪುನರ್ವಸು ಮಳೆ ಹಿಡಿದಾಗ ಕ್ಯಾಮೆರಾ ಬ್ಯಾಗನ್ನು ಬೀರುವಿನಲ್ಲಿ ಇಟ್ಟಿದ್ದೆ. ಹೊರಗೆ ತೆಗೆದಿದ್ದು ಗಣಪತಿ ಹಬ್ಬಕ್ಕೆ. ನಮ್ಮ ತೀರ್ಥಹಳ್ಳಿ ಕಡೆ ಮಳೆಗಾಲದಲ್ಲಿ ಬೆಲ್ಟು, ಚಪ್ಪಲಿ, ರೇಷ್ಮೆ ಸೀರೆ ಎಲ್ಲಕ್ಕೂ ಬೂಷ್ಟು ಹಿಡಿಯುತ್ತೆ ಅಲ್ವಾ? ಗಾಜಿಗೂ ಹಿಡಿಯುತ್ತೆ ಅಂತ ನನಗೆ ಗೊತ್ತಿರಲಿಲ್ಲ.

50 ಎಂಎಂ ಲೆನ್ಸಿನ ಹಿಂದಿನಿಂದ ಟಾರ್ಚ್ ಬಿಟ್ಟು ಓರೆಯಾಗಿ ನೋಡಿದೆ. ಒಳಗಿನ ಗಾಜಿನ ಅಂಚಿನಲ್ಲಿ ಜೇಡರ ಬಲೆಯಂಥ ಬಿಳಿ ಎಳೆಗಳು. ಕವಲೊಡೆದು ನಡುವಿನ ಕಡೆ ಹೊರಟಿದ್ದವು. ಹೊಟ್ಟೆ ಚುರುಕ್ ಅಂತು. ನನ್ನ ದುಡಿಮೆಯಲ್ಲಿ ಕೊಂಡ ಮೊದಲ ಲೆನ್ಸ್ ಅದು. ಶಿವಮೊಗ್ಗದಲ್ಲಿ ರಿಪೇರಿಯವರು ಬಿಚ್ಚಿ ಒರೆಸಿಕೊಟ್ಟರು. ಎಳೆ ಹೋಯಿತು, ಗುರುತು ಉಳಿಯಿತು. ಬೂಷ್ಟು ಬಿಡುವ ಆಮ್ಲ ಗಾಜಿನ ಮೇಲಿನ ತೆಳು ಲೇಪವನ್ನೇ, ಅಂದರೆ ಕೋಟಿಂಗನ್ನೇ ತಿಂದರೆ ಒರೆಸಿ ಪ್ರಯೋಜನವಿಲ್ಲ.

"ಹಲಸಿನ ಹಪ್ಪಳ ಇಟ್ಟಾಂಗೆ ಇಡ್ಬಾರ್ದೇನೋ?" ಅಂದಳು ಅಮ್ಮ. ಅವಳ ಮಾತೇ ಸರಿ. ಮುಚ್ಚಳಕ್ಕೆ ರಬ್ಬರ್ ಇರುವ ಡಬ್ಬಿ ತಂದೆ. ಒಳಗೆ ತೇವ ಹೀರುವ ಸಿಲಿಕಾ ಜೆಲ್ ಕಾಳು, ತೇವ ತೋರಿಸುವ ಪುಟ್ಟ ಮೀಟರು. ಶೇಕಡಾ 40ರಿಂದ 50ರೊಳಗೆ ಇದ್ದರೆ ನೆಮ್ಮದಿ. 60ರ ಹತ್ತಿರ ಬಂದರೆ ಜೆಲ್ ಬದಲಿಸುತ್ತೇನೆ. ಕಿತ್ತಳೆ ಬಣ್ಣದ ಕಾಳು ತೇವ ಕುಡಿದು ಹಸಿರಾಗುತ್ತೆ, ಒಣಗಿಸಿ ಮತ್ತೆ ಬಳಸಬಹುದು. ನೀಲಿ ಕಾಳು ಮಾತ್ರ ಮನೆಗೆ ತರಬೇಡಿ. ಅದರಲ್ಲಿರುವ ಕೋಬಾಲ್ಟ್ ಕ್ಲೋರೈಡ್ ವಿಷ. ಅಕ್ಕಿಯಲ್ಲಿ ಹೂತಿಡುವುದೂ ಬೇಡ. ಅಕ್ಕಿಯ ಹುಡಿ ಫೋಕಸ್ ರಿಂಗಿನ ಸಂದಿಗೆ ಇಳಿಯುತ್ತೆ. ಇನ್ನು ಬ್ಯಾಗು, ಅದರ ಬಟ್ಟೆಯೇ ತೇವ ಹಿಡಿದಿಟ್ಟುಕೊಳ್ಳುತ್ತೆ. ಹಾಗಾಗಿ ಬ್ಯಾಗಿಲ್ಲದೆ ಬರೀ ಲೆನ್ಸ್ ಡಬ್ಬಿಗೆ ಹೋಗಲಿ.

ಬೆರಳಿನ ಜಿಡ್ಡು, ಧೂಳು ಎರಡೂ ಬೂಷ್ಟಿಗೆ ಊಟ. ಅದಕ್ಕೇ ಒರೆಸಿಯೇ ಇಡಬೇಕು. ಆದರೆ ಅಂಗಿ ತುದಿಯಿಂದ ಸುಮ್ನೆ ಒರೆಸಿಬಿಡಬೇಡಿ, ದಯವಿಟ್ಟು. ಒಂದೇ ಒಂದು ಮರಳ ಕಣ ಇದ್ದರೂ ಗೀರು ಬೀಳುತ್ತೆ. ಲೆನ್ಸಿನ ಮುಖ ಕೆಳಗೆ ಮಾಡಿ, ರಬ್ಬರ್ ಬ್ಲೋವರ್ ಹಿಚುಕಿ ಮೊದಲು ಧೂಳು ಉದುರಿಸಿ. ಉಳಿದಿದ್ದಕ್ಕೆ ಮೆತ್ತನೆಯ ಬ್ರಷ್. ಅದರಲ್ಲೂ ಹೋಗದ ಬೆರಳಚ್ಚಿಗೆ ಮಾತ್ರ ಕ್ಲೀನಿಂಗ್ ಲಿಕ್ವಿಡ್. ಅದನ್ನೂ ಲೆನ್ಸ್ ಟಿಶ್ಯೂ ಮೇಲೆ ಒಂದೆರಡು ಹನಿ ಹಾಕಿಕೊಂಡು ನಡುವಿನಿಂದ ಅಂಚಿಗೆ ಸುತ್ತುತ್ತಾ ಒರೆಸಬೇಕು. ಗಾಜಿಗೇ ಸುರಿದರೆ ಅಂಚಿನಿಂದ ಒಳಗಿಳಿಯುತ್ತೆ.

ಇಷ್ಟೆಲ್ಲ ಮಾಡಿಯೂ ಎರಡು ತಿಂಗಳು ಮುಟ್ಟದೇ ಇಡುವುದು ನನಗೀಗ ಆಗದು. ವಾರಕ್ಕೊಮ್ಮೆ ತೆಗೆದು ಟಾರ್ಚ್ ಬಿಟ್ಟು ನೋಡುತ್ತೇನೆ, ಅಂಗಳದ ಕಪ್ಪೆಯದ್ದೋ ಅಡಿಕೆ ಸೋಗೆಯಿಂದ ಇಳಿಯುವ ನೀರಿನದ್ದೋ ನಾಲ್ಕು ಫೋಟೊ ತೆಗೆಯುತ್ತೇನೆ. ಇವತ್ತು ಬೆಳಿಗ್ಗೆ ಹೊರಗೆ ಜಡಿಮಳೆ. ಡಬ್ಬಿಯೊಳಗಿನ ಮೀಟರು 46 ತೋರಿಸುತ್ತಿತ್ತು.