ನೀರು ಬಿಸಿಯಾದರೆ ಸಾಲದು, ಗಾಳಿಯೂ ಬದಲಾಗಬೇಕು

ಮುಂದಿನ ಕೆಲವು ತಿಂಗಳ ಮಳೆಯ ಮುನ್ಸೂಚನೆ ಬರೆಯುವುದು ನನ್ನ ಕೆಲಸ. ತಂಡಕ್ಕೆ ಹೊಸದಾಗಿ ಬಂದವರು ಮೊದಲು ನೋಡುವುದು ಒಂದೇ ಸಂಖ್ಯೆ. ಮಧ್ಯ ಪೆಸಿಫಿಕ್‌ನಲ್ಲಿ ಸಮಭಾಜಕದ ಬಳಿ ಮೇಲಿನ ನೀರು ಮಾಮೂಲಿಗಿಂತ ಎಷ್ಟು ಬಿಸಿಯಾಗಿದೆ? 0.5 ಡಿಗ್ರಿ ದಾಟಿದರೆ ಸಾಕು, ಎಲ್ ನಿನೋ (ಪೆಸಿಫಿಕ್ ಬಿಸಿಯಾಗಿ ಹಲವು ದೇಶಗಳ ಮಳೆ ಏರುಪೇರಾಗುವ, ಭಾರತದ ಮುಂಗಾರು ಹಲವು ಸಲ ಸೊರಗುವ ಸ್ಥಿತಿ) ಬಂತು ಎಂದು ಬರೆಯಲು ಕೈ ತುಡಿಯುತ್ತದೆ.

ಅವರಿಗೆ ನಾನು 2014ರ ನಕ್ಷೆಗಳನ್ನು ತೋರಿಸುತ್ತೇನೆ. ಆ ವರ್ಷದ ಆರಂಭದಲ್ಲಿ ಪಶ್ಚಿಮ ಪೆಸಿಫಿಕ್ ಮೇಲೆ ಪಡುವಣ ಗಾಳಿ ಜೋರಾಗಿ ಬೀಸಿ, ನೀರಿನೊಳಗೆ ಬಿಸಿಯನ್ನು ಹೊತ್ತ ದೊಡ್ಡ ಕೆಲ್ವಿನ್ ಅಲೆಯೊಂದು ದಕ್ಷಿಣ ಅಮೆರಿಕದ ಕಡೆ ಹೊರಟಿತ್ತು. 1997ರಲ್ಲೂ ಹೀಗೇ ಶುರುವಾಗಿತ್ತಲ್ವಾ, ಹಾಗಾಗಿ ಭಾರೀ ಎಲ್ ನಿನೋ ಬರುತ್ತದೆ ಎಂದು ಎಷ್ಟೋ ವಿಜ್ಞಾನಿಗಳು ಕಾದರು. ನೀರು ಬಿಸಿಯಾಯಿತು, ಗಾಳಿ ಮಾತ್ರ ಜೊತೆಗೂಡಲಿಲ್ಲ. ದೊಡ್ಡ ಎಲ್ ನಿನೋ ಬಂದದ್ದು 2015ರಲ್ಲಿ.

ಸಾಮಾನ್ಯವಾಗಿ ಮೂಡಣ ಗಾಳಿ ಬಿಸಿನೀರನ್ನು ಇಂಡೊನೇಷ್ಯಾ ಕಡೆ ತಳ್ಳುತ್ತಿರುತ್ತದೆ, ಅಲ್ಲಿ ಸಮುದ್ರದ ಮಟ್ಟವೇ ಪೆರು ತೀರಕ್ಕಿಂತ ಸುಮಾರು ಅರ್ಧ ಮೀಟರ್ ಎತ್ತರ. ಆ ಗಾಳಿ ಸಡಿಲವಾದರೆ ಬಿಸಿನೀರು ಪೂರ್ವಕ್ಕೆ ಮರಳುತ್ತದೆ, ಮೋಡಗಳೂ ಅದರ ಹಿಂದೆ ಸರಿಯುತ್ತವೆ, ಒತ್ತಡದ ವ್ಯತ್ಯಾಸ ಕಡಿಮೆಯಾಗಿ ಗಾಳಿ ಇನ್ನಷ್ಟು ಸೊರಗುತ್ತದೆ, ಆಗ ಇನ್ನಷ್ಟು ಬಿಸಿನೀರು ಬರುತ್ತದೆ. ಈ ಸುತ್ತನ್ನು ಹವಾಮಾನ ವಿಜ್ಞಾನಿ ಬ್ಯರ್ಕ್ನೆಸ್ 1969ರಲ್ಲೇ ವಿವರಿಸಿದ್ದರು. ಇದು ಶುರುವಾಗದಿದ್ದರೆ ಬಿಸಿನೀರು ಸುಮ್ನೆ ಬಿಸಿನೀರಾಗಿಯೇ ಉಳಿಯುತ್ತದೆ, ದೂರದ ದೇಶಗಳ ಮಳೆಯನ್ನು ಅಷ್ಟಾಗಿ ಅಲುಗಾಡಿಸುವುದಿಲ್ಲ.

ಆದ್ದರಿಂದ ನಮ್ಮಲ್ಲಿ ಆಸ್ಟ್ರೇಲಿಯಾದ ಡಾರ್ವಿನ್ ಊರು ಮತ್ತು ಪೆಸಿಫಿಕ್‌ನ ತಾಹಿತಿ ದ್ವೀಪದ ಗಾಳಿಯ ಒತ್ತಡ, ಪೆಸಿಫಿಕ್ ನಡುವಿನ ದಿನಾಂಕ ರೇಖೆಯ ಬಳಿಯ ಮೋಡ, ಸಮುದ್ರದಲ್ಲಿ 300 ಮೀಟರ್ ಆಳದವರೆಗಿನ ಶಾಖ, ಇವನ್ನೆಲ್ಲ ನೋಡಿದ ಮೇಲೇ ವಾಕ್ಯ ಬರೆಯುವುದು. ನನಗಂತೂ ಗಾಳಿಯ ನಕ್ಷೆಯ ಮೇಲೇ ನಂಬಿಕೆ ಜಾಸ್ತಿ.

ಇಷ್ಟಾದರೂ ಎಲ್ಲ ಎಲ್ ನಿನೋ ಒಂದೇ ಫಲ ಕೊಡುವುದಿಲ್ಲ. 1997ರದ್ದು ಅಷ್ಟು ಬಲವಾಗಿದ್ದರೂ ಭಾರತದ ಮುಂಗಾರು ಸರಿಸುಮಾರು ಸರಾಸರಿಯಷ್ಟೇ ಸುರಿಯಿತು. ಅದಕ್ಕಿಂತ ಎಷ್ಟೋ ದುರ್ಬಲವಾದ 2002ರಲ್ಲಿ ಬರ ಬಂತು. ಹಿಂದೂ ಮಹಾಸಾಗರಕ್ಕೂ ತನ್ನದೇ ತೂಗಾಟವಿದೆ: 2019ರಲ್ಲಿ ಅದರ ಪಶ್ಚಿಮ ಭಾಗ ಬಿಸಿಯಾಗಿ, ಪೂರ್ವ ತಣ್ಣಗಾಗಿ, ಪೂರ್ವ ಆಫ್ರಿಕಾದಲ್ಲಿ ಪ್ರವಾಹ ಬಂತು, ಆಸ್ಟ್ರೇಲಿಯಾ ಒಣಗಿತು.

ಮಾರ್ಚ್‌ನಿಂದ ಮೇವರೆಗೆ ಮುನ್ಸೂಚನೆಯ ಕಂಪ್ಯೂಟರ್ ಮಾದರಿಗಳ ಮಾತು ಅಷ್ಟು ಗಟ್ಟಿಯಲ್ಲ, ಪೆಸಿಫಿಕ್ ಆಗ ಯಾವ ಕಡೆಗಾದರೂ ಹೊರಳಬಹುದು. "ಎಲ್ ನಿನೋ ಬರುತ್ತಾ, ಇಲ್ವಾ, ಒಂದೇ ಮಾತಲ್ಲಿ ಹೇಳಿ" ಎಂದು ಏಪ್ರಿಲ್‌ನಲ್ಲಿ ಕೇಳುವವರಿಗೆ ನಾನು ಕೊಡುವುದು ಶೇಕಡಾವಾರು ಸಾಧ್ಯತೆಯನ್ನೇ, ಜೊತೆಗೆ ಜೂನ್ ವರದಿ ನೋಡುವವರೆಗೆ ದೊಡ್ಡ ನಿರ್ಧಾರ ಬೇಡ ಎನ್ನುತ್ತೇನೆ.