ಉಗುರಿನ ಅಳತೆಯನ್ನು ಕೈಯೇ ಹೇಳಬೇಕು

17 ನವೆಂಬರ್ 2024, ಭಾನುವಾರ

ಭಾನುವಾರ ಬೆಳಿಗ್ಗೆ ಉಗುರಿನ ಕೆಲಸ. ಮಂಗಳವಾರ, ಶುಕ್ರವಾರ ಉಗುರು ತೆಗೆಯಬಾರದು, ದೀಪ ಹಚ್ಚಿದ ಮೇಲೆ ಮುಟ್ಟಲೇಬಾರದು ಎನ್ನುವ ಮನೆಗಳಲ್ಲಿ ಗಿಟಾರ್ ಕಲಿಯುವವರಿಗೆ ಸಿಗುವ ಹೊತ್ತೇ ಕಡಿಮೆ. ಉಗುರಿಗೆ ವಾರ, ತಿಥಿ ಗೊತ್ತಿಲ್ಲ. ತಿಂಗಳಿಗೆ ಸುಮಾರು 3 ಮಿಲಿಮೀಟರ್, ಅಂದರೆ ದಿನಕ್ಕೆ 0.1 ಮಿಲಿಮೀಟರಿನಂತೆ ಅದು ಬೆಳೆಯುತ್ತಲೇ ಇರುತ್ತದೆ. ನಾಲ್ಕು ದಿನ ಬಿಟ್ಟರೆ ನಾದ ಬದಲಾಗಿರುತ್ತದೆ. ಆದ್ದರಿಂದ ವಾರಕ್ಕೊಮ್ಮೆ ಹೆಚ್ಚು ತೆಗೆಯುವುದಕ್ಕಿಂತ ಮೂರು ದಿನಕ್ಕೊಮ್ಮೆ ಸ್ವಲ್ಪವೇ ಉಜ್ಜುವುದು ಮೇಲು.

ನೈಲಾನ್ ತಂತಿಯ ಕ್ಲಾಸಿಕಲ್ ಗಿಟಾರ್ ಹಿಡಿದವರು ಮೊದಲು ಕೇಳುವುದು 'ಉಗುರು ಎಷ್ಟು ಉದ್ದ ಬಿಡಬೇಕು?' ಅಂತ. ಒಂದು ಅಂಕಿ ಹೇಳಿಬಿಡಬಹುದು. ಆದರೆ ಮೀಟುವ ಕೈ ಯಾವ ಕೋನದಲ್ಲಿ ನಿಂತಿದೆ ಎಂಬುದು ತೀರ್ಮಾನವಾಗದೆ ಆ ಅಂಕಿಗೆ ಅರ್ಥವಿಲ್ಲ. ಕೈ ಮೊದಲು, ಉಗುರು ಆಮೇಲೆ.

ಎಡಗೈಯದು ಸುಲಭ. ಅಲ್ಲಿ ಉಗುರೇ ಬೇಡ. ಬೆರಳನ್ನು ಮೇಜಿನ ಮೇಲೆ ನೆಟ್ಟಗೆ ನಿಲ್ಲಿಸಿ. ಮಾಂಸ ಮುಟ್ಟುವ ಮೊದಲು ಉಗುರು ಟಕ್ ಎಂದರೆ ಇನ್ನೂ ತೆಗೆಯಬೇಕು. ಉಗುರು ಉಳಿದಾಗ ಏನಾಗುತ್ತದೆಂದು ಸಿ ಮೇಜರ್ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಹಿಡಿದರೆ ತಿಳಿಯುತ್ತದೆ. ಬೆರಳು ತುದಿಯ ಮೇಲೆ ನಿಲ್ಲಲಾರದೆ ಮಲಗುತ್ತದೆ. ಎರಡನೇ ತಂತಿಯ ಮೇಲಿನ ತೋರುಬೆರಳು ಒಂದನೇ ತಂತಿಗೆ ತಾಗುತ್ತದೆ, ನಾಲ್ಕನೆಯದರ ಮೇಲಿನ ನಡುಬೆರಳು ಮೂರನೆಯದಕ್ಕೆ ತಾಗುತ್ತದೆ. ಎರಡೂ ಖಾಲಿ ತಂತಿಗಳು ಸತ್ತ ಸದ್ದು ಮಾಡುತ್ತವೆ. ನುಡಿಸುವವರು ಶಕ್ತಿ ಸಾಲದೆಂದು ಭಾವಿಸಿ ಇನ್ನೂ ಒತ್ತುತ್ತಾರೆ, ಹಿಂದಿನಿಂದ ಹೆಬ್ಬೆರಳು ಹಿಂಡುತ್ತದೆ, ಸಂಜೆಗೆ ಮಣಿಕಟ್ಟು ನೋಯುತ್ತದೆ. ಇಷ್ಟಕ್ಕೂ ಮೂಲ ಅರ್ಧ ಮಿಲಿಮೀಟರ್ ಉಗುರು. ಹಾಗೆಂದು ಬುಡಕ್ಕೆ ಕತ್ತರಿಸಬೇಡಿ. ಬಿಳಿಯ ಸಣ್ಣ ಗೆರೆಯೊಂದು ಉಳಿಯಲಿ. ಚರ್ಮಕ್ಕೆ ಗಾಯವಾಗಿ ಉಗುರುಸುತ್ತು ಬಂದರೆ ಹಲವು ದಿನ ತಂತಿ ಮುಟ್ಟುವಂತಿಲ್ಲ. ಕೆಲವರಿಗೆ ಹುಟ್ಟಿನಿಂದಲೇ ಉಗುರು ಬೆರಳ ತುದಿಯವರೆಗೂ ಚರ್ಮಕ್ಕೆ ಅಂಟಿಕೊಂಡಿರುತ್ತದೆ. ಅಂಥವರು ಬೆರಳನ್ನು ಪೂರ್ತಿ ನೆಟ್ಟಗೆ ನಿಲ್ಲಿಸದೆ ತುಸು ಓರೆಯಾಗಿ, ಫ್ರೆಟ್ಟಿಗೆ (ಗಿಟಾರಿನ ಕತ್ತಿನ ಮೇಲಿನ ಲೋಹದ ಅಡ್ಡಪಟ್ಟಿಗೆ) ತೀರ ಹತ್ತಿರ ಒತ್ತಬೇಕು. ಫ್ರೆಟ್ಟಿಗೆ ಹತ್ತಿರವಾದಷ್ಟೂ ಒತ್ತಡ ಕಡಿಮೆ ಸಾಕು.

ನಿಜವಾದ ಕೆಲಸವಿರುವುದು ಬಲಗೈಯಲ್ಲಿ. ಹೆಬ್ಬೆರಳು, ತೋರುಬೆರಳು, ನಡುಬೆರಳು, ಉಂಗುರಬೆರಳು ಮೀಟುತ್ತವೆ. ಸ್ಪ್ಯಾನಿಷ್ ಹೆಸರುಗಳ ಮೊದಲಕ್ಷರ ಹಿಡಿದು ಸ್ವರಲಿಪಿಯಲ್ಲಿ ಇವಕ್ಕೆ ಪಿ, ಐ, ಎಂ, ಎ ಎಂಬ ಗುರುತು. ಕಿರುಬೆರಳಿಗೆ ಇಲ್ಲಿ ಸಾಮಾನ್ಯವಾಗಿ ಕೆಲಸವಿಲ್ಲ, ಸ್ಪೇನಿನ ಫ್ಲಮೆಂಕೊ ಶೈಲಿಯಲ್ಲಿ ಮಾತ್ರ ಅದಕ್ಕೂ ಪಾಲಿದೆ.

ಕೈ ಹೀಗಿರಲಿ: ಮಣಿಕಟ್ಟು ಎಡಕ್ಕೂ ಬಲಕ್ಕೂ ವಾಲದೆ ಮುಂಗೈಯ ನೇರಕ್ಕೆ, ಭುಜ ಸಡಿಲ, ಬೆರಳುಗಳು ಅರ್ಧ ಮಡಚಿದ ಹಾಗೆ. ಚಲನೆ ಹುಟ್ಟಬೇಕಾದದ್ದು ಬೆರಳಿನ ಬುಡದ ದೊಡ್ಡ ಗಿಣ್ಣಿನಿಂದ, ತುದಿಯಿಂದಲ್ಲ. ತುದಿಯಿಂದ ಗೀರಿದರೆ ತಂತಿ ಮೇಲಕ್ಕೆ ಎಳೆಯಲ್ಪಟ್ಟು ಫ್ರೆಟ್ಟಿಗೆ ಬಡಿಯುತ್ತದೆ. ಒಳ್ಳೆಯ ಮೀಟಿನಲ್ಲಿ ಮೂರು ಹಂತಗಳಿವೆ. ಮೊದಲು ಮಾಂಸ ತಂತಿಯ ಮೇಲೆ ಕೂರುತ್ತದೆ. ಆಮೇಲೆ ಬೆರಳು ತಂತಿಯನ್ನು ಗಿಟಾರಿನ ಒಳಕ್ಕೆ ತುಸು ಅದುಮುತ್ತದೆ. ಕೊನೆಗೆ ತಂತಿ ಮಾಂಸದಿಂದ ಜಾರಿ ಉಗುರಿನ ಅಂಚಿಗೆ ಬಂದು ಅಲ್ಲಿಂದ ಬಿಡುಗಡೆಯಾಗುತ್ತದೆ. ಉಗುರು ತಂತಿ ಜಾರಿಹೋಗುವ ಇಳಿಜಾರು, ಅಷ್ಟೇ. ಅದನ್ನು ಕೊಕ್ಕೆಯ ಹಾಗೆ ಬಳಸಿದರೆ ನಾದ ಕೆಟ್ಟಂತೆಯೇ.

ಹೀಗೆ ನೋಡಿದರೆ ಉದ್ದದ ಲೆಕ್ಕ ತಾನೇ ಹೊರಡುತ್ತದೆ. ಮಾಂಸವೂ ಉಗುರೂ ಒಂದರ ಹಿಂದೊಂದು ತಂತಿಯನ್ನು ಮುಟ್ಟುವಷ್ಟಿರಬೇಕು. ಅಂಗೈಯನ್ನು ಮುಖದ ಕಡೆ ತಿರುಗಿಸಿ ಬೆರಳ ತುದಿಯನ್ನು ಕಣ್ಣಿನ ಮಟ್ಟಕ್ಕೆ ತಂದರೆ ಮಾಂಸದ ಮೇಲೆ 1ರಿಂದ 1.5 ಮಿಲಿಮೀಟರ್ ಉಗುರು ಕಾಣಬೇಕು. ಹೆಬ್ಬೆರಳಿಗೆ 2ರಿಂದ 3. ಇದು ಆರಂಭದ ಅಳತೆ. ಇಲ್ಲಿಂದ ಕಿವಿ ಹೇಳಿದಂತೆ ಹೋಗಬೇಕು.

ಆಕಾರಕ್ಕೆ ಬಂದರೆ, ಕೈಯ ಬೆನ್ನು ನಮ್ಮ ಕಡೆಗಿದ್ದು ಬೆರಳುಗಳು ಮೇಲಕ್ಕಿದ್ದಾಗ ಕಾಣುವ ಎಡಬದಿಯಲ್ಲಿ ತಂತಿ ಬೆರಳನ್ನು ಸೇರುತ್ತದೆ. ಆ ಬದಿಯಿಂದ ಉಗುರು ಮೆಲ್ಲಗೆ ಏರುತ್ತ ಹೋಗಬೇಕು, ಬಲಬದಿಯ ಮೂಲೆ ಉರುಟಾಗಿ ಮುಗಿಯಬೇಕು. ಬಾದಾಮಿಯ ಹಾಗೆ ಎರಡೂ ಕಡೆ ಸಮವಾಗಿ ಚೂಪು ಮಾಡಿದ ಉಗುರು ನೋಡಲು ಚಂದ, ಆದರೆ ತಂತಿ ಅದರ ತುದಿಗೆ ಸಿಕ್ಕಿಕೊಳ್ಳುತ್ತದೆ. ಏರು ಎಷ್ಟು ಕಡಿದಾಗಿರಬೇಕು ಎಂಬುದನ್ನು ಕೈಯೇ ತೋರಿಸುತ್ತದೆ. ಗಿಟಾರ್ ಹಿಡಿದು ನುಡಿಸುವ ಭಂಗಿಯಲ್ಲೇ ಕೈ ಇಟ್ಟು, ತಂತಿಯ ಮೇಲೆ ಕಿರಿದಾದ ಎಮರಿ ಪಟ್ಟಿಯೊಂದನ್ನು ಮಡಚಿ ಹಾಕಿ, ಅದರ ಮೇಲೆ ನಿಧಾನವಾಗಿ ಮೀಟಿ. ಎಲ್ಲಿ ಗೀರು ಬೀಳುತ್ತದೋ ಅದೇ ತಂತಿಯ ದಾರಿ. ಉಜ್ಜಬೇಕಾದದ್ದೂ ಅದೇ ಕೋನದಲ್ಲಿ.

ಬಲಗೈಗೆ ನೇಲ್ ಕಟರ್ ಬೇಡವೇ ಬೇಡ. ಬಾಗಿದ ಉಗುರನ್ನು ಅದು ಚಪ್ಪಟೆ ಮಾಡಿ ಹಿಂಡುವುದರಿಂದ ಕಣ್ಣಿಗೆ ಕಾಣದ ಬಿರುಕುಗಳು ಬೀಳುತ್ತವೆ. ಗಾಜಿನ ಫೈಲ್‌ನಿಂದ ಆಕಾರ ಕೊಟ್ಟು, ಆಮೇಲೆ ವಾಟರ್ ಪೇಪರ್ ಹಿಡಿಯಿರಿ. ಕಾರಿಗೆ ಬಣ್ಣ ಹೊಡೆಯುವವರು ಬಳಸುವ ಅದೇ ಕಾಗದ, ಪೇಂಟ್ ಅಂಗಡಿಯಲ್ಲಿ ಬಿಡಿ ಹಾಳೆ ಸಿಗುತ್ತದೆ. ಮೊದಲು 600 ನಂಬರಿನದು, ಆಮೇಲೆ 1000, ಕೊನೆಗೆ 2000; ನಂಬರು ಹೆಚ್ಚಿದಷ್ಟೂ ಕಾಗದ ನಯ. ಬಹಳ ಜನ 600ಕ್ಕೇ ನಿಲ್ಲಿಸುತ್ತಾರೆ, ನಾದದಲ್ಲಿ ಬರುವ ಸಣ್ಣ ಕರಕರವನ್ನು ಗಿಟಾರಿನ ದೋಷ ಅಂದುಕೊಳ್ಳುತ್ತಾರೆ. ಉಗುರಿನ ಮೇಲ್ಮೈಗಿಂತ ಒಳ ಅಂಚು ಮುಖ್ಯ, ತಂತಿ ಹರಿಯುವುದು ಅಲ್ಲೇ. ರೇಷ್ಮೆ ಬಟ್ಟೆಯ ಮೇಲೆ ಎಳೆದು ನೋಡಿ, ಒಂದು ಎಳೆಯೂ ಸಿಕ್ಕಬಾರದು. ಸ್ನಾನವಾದ ತಕ್ಷಣ ಉಜ್ಜಬೇಡಿ. ನೀರು ಕುಡಿದ ಉಗುರು ಮೆತ್ತಗಾಗಿ ಹಿಂಜುತ್ತದೆ.

ಇನ್ನು ಕಿವಿಯ ಪರೀಕ್ಷೆ. ಸ್ವರಕ್ಕಿಂತ ಮೊದಲು ಟಿಕ್ ಎಂಬ ಸದ್ದು ಬಂದರೆ ಉಗುರು ಮಾಂಸಕ್ಕಿಂತ ಮೊದಲು ತಂತಿಗೆ ತಗಲುತ್ತಿದೆ: ಉದ್ದ ಜಾಸ್ತಿ, ಇಲ್ಲವೇ ಬೆರಳು ದೂರದಿಂದ ಬಂದು ಹೊಡೆಯುತ್ತಿದೆ. ನಾದ ತೆಳ್ಳಗೆ, ತಗಡಿನಂತೆ ಕೇಳಿದರೆ ಬೆರಳು ತಂತಿಗೆ ಲಂಬವಾಗಿ ನಿಂತು ಉಗುರಿನ ಇಡೀ ಅಂಚು ಒಮ್ಮೆಗೇ ಬಿಡುತ್ತಿದೆ. ಕೈಯನ್ನು ಸ್ವಲ್ಪ ಓರೆ ಮಾಡಿದರೆ ನಾದ ದುಂಡಗಾಗುತ್ತದೆ. ಓರೆ ಅತಿಯಾದರೆ 4, 5, 6ನೇ ತಂತಿಗಳ ಲೋಹದ ಸುತ್ತಿನ ಮೇಲೆ ಉಗುರು ಪರ್ ಎಂದು ಕೆರೆಯುತ್ತದೆ. ಆ ತಂತಿಗಳಿಗೆ ಕೋನ ಕಡಿಮೆ ಇರಲಿ. ನಾದ ಮಂಕಾಗಿ, ಜೋರು ಬರದೆ ಹೋದರೆ ಉಗುರು ಸಾಲದು.

ಒಂದೇ ಸ್ವರವನ್ನು ಬೆರಳು ಬದಲಿಸುತ್ತ ಬೇಗಬೇಗ ಮೀಟುವ ಟ್ರೆಮೊಲೊ ಕುಂಟಿದಾಗ ಬೆರಳನ್ನು ಬೈಯುವ ಮೊದಲು ಉಗುರು ನೋಡಿ. ಪಿ-ಎ-ಎಂ-ಐ ಸಾಲಿನಲ್ಲಿ ಒಂದು ಉಗುರು ಗಿಡ್ಡವಾಗಿದ್ದರೆ ಆ ಬೆರಳಿನ ಸ್ವರ ಮೆಲ್ಲಗೆ ಬರುತ್ತದೆ, ತಾಳವೂ ಜಾರಿದಂತೆ ಕೇಳುತ್ತದೆ. ಮೂರು ಬೆರಳುಗಳನ್ನು 3, 2, 1ನೇ ತಂತಿಗಳ ಮೇಲೆ ಸದ್ದಿಲ್ಲದೆ ಇಟ್ಟು ಮೂರರಲ್ಲೂ ಮಾಂಸ, ಉಗುರು ಒಟ್ಟಿಗೇ ತಾಗುತ್ತಿವೆಯೇ ನೋಡಿದರೆ ಯಾವುದು ಹಿಂದುಳಿದಿದೆ ಎಂದು ಗೊತ್ತಾಗುತ್ತದೆ. ಮುಂದಿನ ತಂತಿಯ ಮೇಲೆ ಬೆರಳು ವಿಶ್ರಮಿಸುವ ಅಪೊಯಾಂದೊ ಮೀಟಿಗೆ ಗಿಡ್ಡ ಉಗುರು ಅನುಕೂಲ. ಬೆರಳು ಗಾಳಿಯಲ್ಲಿ ತೇಲಿ ಅಂಗೈ ಕಡೆ ಹೋಗುವ ತಿರಾಂದೊದಲ್ಲಿ ತುಸು ಉದ್ದವಿದ್ದರೂ ನಡೆಯುತ್ತದೆ. ಎರಡೂ ನುಡಿಸುವವರು ಗಿಡ್ಡದ ಕಡೆಗೇ ವಾಲುವುದು ಒಳ್ಳೆಯದು. ಕೆಳಕ್ಕೆ ಬಾಗುವ ಗಿಳಿಮೂಗಿನಂಥ ಉಗುರಿದ್ದವರಿಗೂ ಗಿಡ್ಡವೇ ಸರಿ. ಬೆಳೆದಷ್ಟೂ ಅದು ಕೊಕ್ಕೆಯಾಗುತ್ತದೆ.

ಉಗುರೋ ಬರಿ ಬೆರಳೋ ಎಂಬ ವಾದ ಹಳೆಯದು. ಸ್ಪೇನಿನಿಂದ ಪ್ಯಾರಿಸ್‌ಗೆ ಹೋಗಿದ್ದ ಗಿಟಾರ್ ವಾದಕ ಫರ್ನಾಂಡೊ ಸೋರ್ (1778–1839) ಬರಿ ಬೆರಳಿನವರು, ಅಲ್ಲಿ ಅವರ ಗೆಳೆಯರಾದ ಡಿಯೊನಿಸಿಯೊ ಅಗ್ವಾಡೊ (1784–1849) ಉಗುರಿನವರು. ಹಾಗಿದ್ದೂ ಇಬ್ಬರೂ ಕೂಡಿ ನುಡಿಸುತ್ತಿದ್ದರು. ಫ್ರಾನ್ಸಿಸ್ಕೊ ತಾರೇಗಾ (1852–1909) ಕೊನೆಯ ವರ್ಷಗಳಲ್ಲಿ ಉಗುರು ತೆಗೆದು ಬರಿ ಬೆರಳಿಗೆ ಬಂದರು. ಆಗ ಇದ್ದದ್ದು ಕರುಳಿನ ತಂತಿ. ಎರಡನೇ ಮಹಾಯುದ್ಧದ ನಂತರ ನೈಲಾನ್ ತಂತಿ ಬಂತು, ಸಭಾಂಗಣಗಳು ದೊಡ್ಡವಾದವು, ಮಾಂಸ-ಉಗುರು ಎರಡನ್ನೂ ಬೆರೆಸಿದ ಆಂದ್ರೆಸ್ ಸೆಗೋವಿಯಾ ಅವರ ದಾರಿಯೇ ಬಹುಮಂದಿಯ ದಾರಿಯಾಯಿತು. ತಾರೇಗಾ ಹುಟ್ಟಿದ 1852ರಲ್ಲೇ ನಮ್ಮ ವೀಣೆ ಶೇಷಣ್ಣನವರೂ ಹುಟ್ಟಿದ್ದು. ವೈಣಿಕರಲ್ಲೂ ಉಗುರಿನಿಂದ ಮೀಟುವವರು, ತಂತಿಯ ಮೀಟು ತೊಡುವವರು ಇಬ್ಬರೂ ಇದ್ದಾರೆ. ಎರಡೂ ಕಡೆ ಕಿವಿ ಹುಡುಕುವುದು ಒಂದನ್ನೇ: ಸ್ವರ ಸ್ಪಷ್ಟವಾಗಿರಬೇಕು, ಗೀರುಸದ್ದು ಇರಬಾರದು.

ಬಲಗೈಯಲ್ಲಿ ಉಣ್ಣುವ ನಾವು ಇನ್ನೊಂದು ಎಚ್ಚರ ವಹಿಸಬೇಕು. ಸಾರಿನ ಅರಿಸಿನ ಉಗುರನ್ನು ಹಳದಿ ಮಾಡುತ್ತದೆ, ಮುದ್ದೆ ಉಗುರಿನಡಿ ಸೇರಿ ಒಣಗಿ ಗಟ್ಟಿಯಾಗುತ್ತದೆ. ಅದನ್ನು ಪಿನ್ನಿನಿಂದ ಕೆದಕಿದರೆ ಉಗುರು ಚರ್ಮದಿಂದ ಬಿಟ್ಟುಕೊಳ್ಳುತ್ತದೆ. ಬೆಚ್ಚನೆ ನೀರು, ಮೆತ್ತನೆಯ ಹಲ್ಲುಜ್ಜುವ ಬ್ರಷ್ ಸಾಕು. ಪಾತ್ರೆ ತೊಳೆಯುವಾಗ ಗ್ಲೌಸ್ ಹಾಕಿ. ಬಟಾಣಿ ಸುಲಿಯುವುದು, ಡಬ್ಬಿ ಮುಚ್ಚಳ ತೆಗೆಯುವುದು, ಹೆಲ್ಮೆಟ್ ಪಟ್ಟಿ ಬಿಚ್ಚುವುದನ್ನೆಲ್ಲ ಎಡಗೈಗೆ ಒಪ್ಪಿಸಿ. ಉಗುರು ಹೆಚ್ಚಾಗಿ ಮುರಿಯುವುದು ಇಂಥ ಕಡೆಯೇ ಹೊರತು ತಂತಿಯ ಮೇಲಲ್ಲ. ಸ್ಟೀಲ್ ತಂತಿಯ ಮಾತು ಬೇರೆ, ಅದು ಉಗುರನ್ನು ಅರದಂತೆ ತಿನ್ನುತ್ತದೆ. ದಿನಾ ಗಂಟೆಗಟ್ಟಲೆ ಅದನ್ನು ನುಡಿಸುವವರು ಬೆರಳಿಗೆ ತೊಡುವ ಪಿಕ್ ಕಡೆ ಹೋಗುವುದೇ ವಾಸಿ.

ಉಗುರು ಸಣ್ಣದಾಗಿ ಸೀಳಿದರೆ ತೆಳು ಟಿಶ್ಯೂ ಪೇಪರಿನ ಚೂರನ್ನು ಸೀಳಿನ ಮೇಲಿಟ್ಟು ಒಂದು ಹನಿ ಫೆವಿಕ್ವಿಕ್ ಹಾಕಿ, ಪೂರ್ತಿ ಒಣಗಿದ ಮೇಲೆ 1000, 2000ರಲ್ಲಿ ಉಜ್ಜಿ. ಉಗುರು ಪೂರ್ತಿ ಹೋಗಿ ಸಂಗೀತ ಕಛೇರಿಯ ದಿನ ಹತ್ತಿರವಿದ್ದರೆ ಗಿಟಾರಿಗರ ಹಳೆಯ ಉಪಾಯ ಟೇಬಲ್ ಟೆನಿಸ್ ಚೆಂಡಿನ ತುಂಡು. ಉಗುರಿನ ಬಾಗಿಗೆ ಹೊಂದುವಂತೆ ಕತ್ತರಿಸಿ, ಉಳಿದ ಉಗುರಿನ ಕೆಳಗೆ ಅಂಟಿಸಿ, ಆಮೇಲೆ ಆಕಾರ ಕೊಡಬೇಕು. ಅಂಟು ಚರ್ಮಕ್ಕೆ ತಾಗಬಾರದು. ಹತ್ತಿಗೆ ತಾಗಿದರೆ ಸುಡುವಷ್ಟು ಬಿಸಿಯಾಗುತ್ತದೆ, ಆದ್ದರಿಂದ ಒರೆಸಲು ಹತ್ತಿ ಬಳಸಬೇಡಿ. ತೆಗೆಯುವಾಗ ಕಿತ್ತರೆ ಉಗುರಿನ ಪದರವೇ ಎದ್ದುಬರುತ್ತದೆ. ಅಸಿಟೋನ್ ಇರುವ ನೇಲ್ ಪಾಲಿಷ್ ರಿಮೂವರ್‌ನಲ್ಲಿ ಬೆರಳ ತುದಿ ನೆನೆಸಿ, ಅಂಟು ತಾನಾಗಿ ಸಡಿಲವಾಗುವವರೆಗೆ ಕಾಯಿರಿ, ಆಮೇಲೆ ಕೊಬ್ಬರಿ ಎಣ್ಣೆ ಸವರಿ.