ರಣಹದ್ದುಗಳ ಪಾಠ

ನಾನು ಬಿ.ಎಸ್ಸಿ. ಓದುವಾಗ ನಮ್ಮ ಪ್ರಾಣಿಶಾಸ್ತ್ರದ ಮೇಷ್ಟ್ರು ಪಠ್ಯಪುಸ್ತಕದ ಆಚೆ ಹೋಗುತ್ತಿದ್ದದ್ದೇ ಜಾಸ್ತಿ. ಪರೀಕ್ಷೆಗೆ ಬರದ ವಿಷಯ ಯಾಕೆ ಅಂತ ಕೆಲವರು ಗೊಣಗುತ್ತಿದ್ದರು. ನನ್ನ ತಲೆಯಲ್ಲಿ ಇವತ್ತಿಗೂ ಉಳಿದಿರುವುದು ಆ ಪಾಠಗಳೇ.

2006ರಲ್ಲಿ ಭಾರತ ಸರ್ಕಾರ ದನಕರುಗಳಿಗೆ ಕೊಡುವ ಡೈಕ್ಲೋಫೆನಾಕ್ ಔಷಧಿಯನ್ನು ನಿಲ್ಲಿಸಿತು. ಮೇಷ್ಟ್ರು ಕೇಳಿದರು: "ಒಂದು ನೋವಿನ ಔಷಧಿಗೂ ಕಾಡುಪ್ರಾಣಿ ರಕ್ಷಣೆಗೂ ಏನು ಸಂಬಂಧ?" ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ಆಮೇಲೆ ಹಲವು ತರಗತಿ ಅದೇ ನಡೆಯಿತು.

1990ರ ದಶಕದಲ್ಲಿ ಭಾರತದಲ್ಲಿ ರಣಹದ್ದುಗಳು ಗುಂಪುಗುಂಪಾಗಿ ಕಾಣೆಯಾದವು. ರಾಜಸ್ಥಾನದ ಭರತಪುರದ ಕೇವಲಾದೇವ ಉದ್ಯಾನದಲ್ಲಿ ಪಕ್ಷಿತಜ್ಞ ವಿಭು ಪ್ರಕಾಶ್ ಮೊದಲಿನಿಂದ ಹಕ್ಕಿಗಳ ಲೆಕ್ಕ ಇಟ್ಟಿದ್ದರು. ಹಳೆಯ ಲೆಕ್ಕ ಇದ್ದದ್ದಕ್ಕೇ ಎಷ್ಟು ಕಡಿಮೆಯಾಗಿವೆ ಎಂದು ತೋರಿಸಲು ಆಯಿತು. ಯಾವುದೋ ಸೋಂಕು ಇರಬೇಕು ಎಂಬುದು ಮೊದಲ ಅನುಮಾನ. ಪಾಕಿಸ್ತಾನದಲ್ಲಿ ಸತ್ತ ಹಕ್ಕಿಗಳನ್ನು ಪರೀಕ್ಷಿಸಿದ ವಿಜ್ಞಾನಿ ಲಿಂಡ್ಸೆ ಓಕ್ಸ್ ಮತ್ತು ಅವರ ಜೊತೆಗಾರರು 2004ರಲ್ಲಿ ನಿಜವಾದ ಕಾರಣ ಪ್ರಕಟಿಸಿದರು. ಸಾಯುವ ಮುಂಚೆ ಡೈಕ್ಲೋಫೆನಾಕ್ ಪಡೆದಿದ್ದ ದನವನ್ನು ತಿಂದರೆ ರಣಹದ್ದಿನ ಕಿಡ್ನಿ ಕೆಟ್ಟು ಅದು ಸಾಯುತ್ತಿತ್ತು. ನೂರು ಕಳೇಬರಗಳಲ್ಲಿ ಒಂದಕ್ಕಿಂತ ಕಡಿಮೆ ವಿಷವಾಗಿದ್ದರೂ ಇಷ್ಟು ದೊಡ್ಡ ಕುಸಿತಕ್ಕೆ ಸಾಕು ಎಂದು ಲೆಕ್ಕ ತೋರಿಸಿತು. ಒಂದೇ ಕಳೇಬರಕ್ಕೆ ಹತ್ತಾರು ಹದ್ದುಗಳು ಮುತ್ತುತ್ತವೆ ಅಲ್ವಾ!

ಕಾರಣ ಗೊತ್ತಾದ ಕೂಡಲೇ ನಿಷೇಧ ಬರಲಿಲ್ಲ. ಮೇಷ್ಟ್ರು ಒತ್ತಿ ಹೇಳಿದ್ದು ಇದನ್ನೇ. ದನಕ್ಕೆ ನೋವಾದರೆ ಸಾಕಿದವರು ಸುಮ್ನೆ ಕೂರುವುದಿಲ್ಲ, ಏನಾದರೂ ಕೊಡಲೇಬೇಕು. ಮೆಲಾಕ್ಸಿಕಾಮ್ ಎಂಬ ಇನ್ನೊಂದು ಔಷಧಿಯನ್ನು ರಣಹದ್ದುಗಳಿಗೆ ಕೊಟ್ಟು, ಅದರಿಂದ ಅಪಾಯವಿಲ್ಲ ಎಂದು ತಜ್ಞರು 2006ರಲ್ಲಿ ತೋರಿಸಿದರು. ನಿಷೇಧ ಬಂದದ್ದೂ ಆ ವರ್ಷವೇ. "ಬೇಡ ಅಂತ ಮಾತ್ರ ಹೇಳಿದರೆ ಯಾರೂ ಕೇಳಲ್ಲ. ಅದರ ಬದಲು ಏನು ಅನ್ನೋದನ್ನೂ ಕೈಯಲ್ಲಿ ಹಿಡ್ಕೊಂಡು ಹೋಗಿ" ಎನ್ನುತ್ತಿದ್ದರು ಅವರು.

ತಜ್ಞರ ಮಾತು ಸೋತ ಕಥೆಯನ್ನೂ ಅವರು ಅಷ್ಟೇ ಬಿಡಿಸಿ ಹೇಳಿದ್ದರು. 1946ರ ಒಪ್ಪಂದದಿಂದ ಹುಟ್ಟಿದ ಅಂತರರಾಷ್ಟ್ರೀಯ ತಿಮಿಂಗಿಲ ಆಯೋಗ ಅಂಟಾರ್ಕ್ಟಿಕದಲ್ಲಿ ಬೇಟೆಗೆ ಒಂದೇ ಒಟ್ಟು ಮಿತಿ ಇಟ್ಟಿತ್ತು. ಒಂದು ನೀಲಿ ತಿಮಿಂಗಿಲ ಎಂದರೆ 2 ಫಿನ್, ಅಥವಾ 6 ಸೇ ತಿಮಿಂಗಿಲಕ್ಕೆ ಸಮ. ತಿಮಿಂಗಿಲದಿಂದ ಸಿಗುವ ಎಣ್ಣೆಯ ಲೆಕ್ಕ ಅದು, ಪ್ರಾಣಿಯ ಲೆಕ್ಕವಲ್ಲ. ಯಾವ ಜಾತಿ ಎಷ್ಟು ಉಳಿದಿದೆ ಎಂಬುದು ಅದರಲ್ಲಿ ಬರುತ್ತಲೇ ಇರಲಿಲ್ಲ. 1960ರ ದಶಕದ ಆರಂಭದಲ್ಲಿ ಆಯೋಗವೇ ಕರೆಸಿದ ತಜ್ಞರು ಬೇಟೆಯನ್ನು ತುಂಬಾ ತಗ್ಗಿಸಬೇಕು ಎಂದು ಲೆಕ್ಕ ಸಮೇತ ತೋರಿಸಿದರು. ಆದರೂ ಮಿತಿ ಬೇಕಾದಷ್ಟು ಬೇಗ ಇಳಿಯಲಿಲ್ಲ. ಅಂಕಿಗಳು ಪೂರ್ತಿ ಖಚಿತವಲ್ಲ ಎಂಬ ಮಾತು ಬೇಟೆಯವರಿಗೆ ಅನುಕೂಲವಾಯಿತು. ವಾಣಿಜ್ಯ ಬೇಟೆ ನಿಲ್ಲಿಸುವ ತೀರ್ಮಾನ ಬಂದದ್ದು 1982ರಲ್ಲಿ. ಈ ಕಥೆ ನೆನೆದರೆ ನನಗೆ ಈಗಲೂ ಸಿಟ್ಟು ಬರುತ್ತದೆ. ಸಂಶಯ ಇದ್ದಾಗ ಅದರ ಲಾಭ ಪ್ರಾಣಿಗೆ ಸಿಗಬೇಕು, ಬೇಟೆಗಾರನಿಗಲ್ಲ.

ಆ ದಾರಿಗೆ ಈಗ ಕಾನೂನಿನ ಬಲವೂ ಸ್ವಲ್ಪ ಇದೆ. ಕಾಡುಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಡಿವಾಣ ಹಾಕುವ ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿ ಅಳಿವಿನ ಅಪಾಯದ ಜೀವಿಗಳಿವೆ. ಅವುಗಳ ರಫ್ತಿಗೆ ಅನುಮತಿ ಕೊಡುವ ಮುಂಚೆ, ಆ ಜಾತಿಯ ಉಳಿವಿಗೆ ಧಕ್ಕೆಯಿಲ್ಲ ಎಂದು ದೇಶದ ವೈಜ್ಞಾನಿಕ ಪ್ರಾಧಿಕಾರ ಹೇಳಬೇಕು.

ರಣಹದ್ದುಗಳ ವಿಷಯ ಇನ್ನೂ ಮುಗಿದಿಲ್ಲ. ಮನುಷ್ಯರಿಗೆಂದು ತಯಾರಾದ ಡೈಕ್ಲೋಫೆನಾಕ್‌ನ ದೊಡ್ಡ ಸೀಸೆಗಳು ದನಗಳಿಗೆ ಹೋಗುತ್ತಿದ್ದವು. ಹಾಗಾಗಿ 2015ರಲ್ಲಿ ಸೀಸೆಯ ಅಳತೆಯನ್ನು 3 ಮಿಲಿಲೀಟರಿಗೆ ಇಳಿಸಿದರು. 2023ರಲ್ಲಿ ಕೀಟೊಪ್ರೊಫೆನ್, ಅಸಿಕ್ಲೋಫೆನಾಕ್ ಕೂಡ ದನಗಳಿಗೆ ನಿಷೇಧವಾದವು. ಪ್ರತಿ ಸಲವೂ ಔಷಧಿ ಮಾರಾಟಕ್ಕೆ ಬಂದ ಮೇಲೆ ನಾವು ಅದರ ಹಿಂದೆ ಓಡುತ್ತಿದ್ದೇವೆ. ಪಶು ಔಷಧಿಗೆ ಪರವಾನಗಿ ಕೊಡುವ ಮುಂಚೆಯೇ ಹದ್ದುಗಳಿಗೆ ಅದು ಅಪಾಯವೇ ಎಂದು ಪರೀಕ್ಷೆ ಆಗಬೇಕು. ನಿಮ್ಮಲ್ಲಿ ಯಾರಾದರೂ ಔಷಧಶಾಸ್ತ್ರ ಓದಲು ಹೊರಟಿದ್ದರೆ, ಈ ಕೆಲಸಕ್ಕೆ ಜನ ಬೇಕಾಗಿದ್ದಾರೆ.